ಮೊದಲ ವರ್ಷದ ಹಬ್ಬಗಳು: ಶಿಡ್ಲಘಟ್ಟ ಕಡೆಯ ಒಂದು ಮನೆ, ಒಂದು ಪ್ರಕರಣ

"ಹಬ್ಬ ಇಲ್ಲ ಅಂದ್ಬಿಟ್ರು ಮೇಡಂ, ಸರಿ, ಆದ್ರೆ ಹಬ್ಬದ ದಿನ ಬೆಳಗಿಂದ ರಾತ್ರಿವರೆಗೂ ಅಮ್ಮ ಏನ್ ಮಾಡ್ಬೇಕು ಅಂತ ಮಾತ್ರ ಯಾರೂ ಹೇಳ್ತಿಲ್ಲ."

ಗೌರಿ ಹಬ್ಬ ಆದ್ಮೇಲೆ ಮಗಳು ಫೋನ್ ಮಾಡಿ ಹೇಳಿದ್ದು ಇಷ್ಟು. ನಾನು ಚಿಕ್ಕಬಳ್ಳಾಪುರದಲ್ಲಿ ಕೌನ್ಸೆಲಿಂಗ್ ಕೆಲಸ ಮಾಡೋಳು, ಈ ಹುಡುಗಿ ಹಿಂದೆ ನನ್ನ ಹತ್ರ ಓದಿದವಳು. ಈ ಕೇಸ್ ಬರೆಯೋಕೆ ಮನೆಯವರ ಒಪ್ಪಿಗೆ ಇದೆ, ಗುರುತು ಸಿಗೋ ಅಂಥ ವಿವರ ಬದಲಾಯ್ಸಿದೀನಿ, ಹೆಸರು ಯಾರದ್ದೂ ಹಾಕಿಲ್ಲ. ಆ ತಾಯಿನ ನಾನು ಅಕ್ಕ ಅಂತಾನೇ ಕರೆಯೋದು, ಇಲ್ಲೂ ಹಾಗೇ ಬರೀತೀನಿ. ಅವರ ಅತ್ತೆ ಇಲ್ಲಿ ಅಜ್ಜಿ.

ಮನೆ ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳೀಲಿ, ರೇಷ್ಮೆ ಬೆಳೆಯೋ ಮನೆ. ಎರಡು ಎಕರೆ ಹಿಪ್ಪುನೇರಳೆ ತೋಟ, ಸ್ವಲ್ಪ ಟೊಮೆಟೊ, ಎರಡು ಹಸು. ಅಕ್ಕನಿಗೆ ಐವತ್ತರ ಆಸುಪಾಸು, ಅಜ್ಜಿಗೆ ಎಪ್ಪತ್ತೈದು ದಾಟಿದೆ. ಮಗ ಬೆಂಗಳೂರಲ್ಲಿ ಕಂಪ್ನಿ ಕೆಲಸ, ಮಗಳನ್ನ ಚಿಂತಾಮಣಿ ಕಡೆ ಕೊಟ್ಟಿದಾರೆ. ಪಕ್ಕದ ಮನೇಲೇ ಮೈದುನ, ಓರಗಿತ್ತಿ. ಆಷಾಢದಲ್ಲಿ ಒಂದಿನ ಬೆಳಗಿನ ಜಾವ ಯಜಮಾನ್ರು ಹುಳಕ್ಕೆ ಸೊಪ್ಪು ಹಾಕಿ ಆಚೆ ಬಂದು ಎದೆ ಹಿಡ್ಕೊಂಡು ಕೂತ್ರು, ಆಸ್ಪತ್ರೆ ತಲುಪೋ ಹೊತ್ತಿಗೆ ಮುಗಿದಿತ್ತು. ಬಿಪಿ ಇದೆ ಅಂತ ಗೊತ್ತಿತ್ತು, ಮಾತ್ರೆ ಬಿಟ್ಟು ವರ್ಷ ಆಗಿತ್ತಂತೆ.

ಇಲ್ಲಿ ರೇಷ್ಮೆ ವಿಚಾರ ಸ್ವಲ್ಪ ಹೇಳ್ಲೇಬೇಕು, ಯಾಕಂದ್ರೆ ಈ ಪ್ರಕರಣದ ಅರ್ಧ ಅದ್ರಲ್ಲೇ ಇದೆ. ಚಾಕಿ ಸೆಂಟರಿಂದ, ಅಂದ್ರೆ ಮರಿ ಹುಳ ಸಾಕಿ ಕೊಡೋ ಕಡೆಯಿಂದ, ಎರಡು ಜ್ವರ (ಹುಳ ತಿನ್ನೋದು ಬಿಟ್ಟು ಪೊರೆ ಕಳಚೋದು) ಮುಗಿಸಿದ ಹುಳ ತರ್ತಾರೆ, ಮನೇಲಿ ಇನ್ನೆರಡು ಜ್ವರ ಆಗ್ಬೇಕು, ನಾಲ್ಕನೇ ಜ್ವರದಿಂದ ಎದ್ದ ಮೇಲೆ ಒಂದು ವಾರ ಬರೀ ತಿನ್ನೋದೇ ತಿನ್ನೋದು, ಹುಳ ಜೀವಮಾನದಲ್ಲಿ ತಿನ್ನೋ ಸೊಪ್ಪಲ್ಲಿ ಮುಕ್ಕಾಲಿಗಿಂತ ಜಾಸ್ತಿ ಈ ಕೊನೇ ವಾರದಲ್ಲೇ ಹೋಗುತ್ತೆ. ಆಮೇಲೆ ಹಣ್ಣಾದ ಹುಳ ಆರಿಸಿ ಚಂದ್ರಂಕಿಗೆ, ಅಂದ್ರೆ ಗೂಡು ಕಟ್ಟೋ ತಟ್ಟೆಗೆ, ಬಿಡ್ಬೇಕು, ಗೂಡು ಬಿಡಿಸ್ಬೇಕು, ಮಾರ್ಕೆಟ್ಟಿಗೆ ಸಾಗಿಸ್ಬೇಕು. ಒಂದು ಹೊತ್ತು ಸೊಪ್ಪು ತಪ್ಪಿದ್ರೂ ಗೂಡಲ್ಲಿ ಗೊತ್ತಾಗುತ್ತೆ. ಯಜಮಾನ್ರು ಹೋಗಿದ್ದು ಸರಿಯಾಗಿ ಆ ವಾರದಲ್ಲೇ. ಮನೇಲಿ ಹೆಣ ಇದೆ, ಹುಳ ಮನೇಲಿ ಲಕ್ಷಾಂತರ ಬಾಯಿ ಸೊಪ್ಪಿಗೆ ಕಾಯ್ತಾ ಇದೆ. ತಿಥಿ ಮುಗಿಯೋಷ್ಟರಲ್ಲಿ ಗೂಡು ಮಾರಾಟ ಆಗಿತ್ತು. ಯಾರು ಸೊಪ್ಪು ಕೊಯ್ದ್ರು, ಯಾರು ರಾತ್ರಿ ಹಾಕಿದ್ರು, ಯಾರು ಗೂಡು ಬಿಡಿಸಿದ್ರು, ಅಕ್ಕನಿಗೆ ಒಂದೂ ನೆನಪಿಲ್ಲ, "ಆ ಹನ್ನೊಂದು ದಿನ ನನ್ನ ಮೇಲೆ ಮೋಡ ಕೂತಿತ್ತು" ಅಂತಾರೆ ಅಷ್ಟೇ.

ಆಮೇಲೆ ಶುರುವಾಗಿದ್ದು ಹಬ್ಬಗಳ ಸಾಲು. ನಮ್ಮ ಕಡೆ ಸಾವಾದ ಮನೇಲಿ ಒಂದು ವರ್ಷ ಹಬ್ಬ ಮಾಡಲ್ಲ, ಎಣ್ಣೆ ಬಾಂಡ್ಲಿ ಇಡಲ್ಲ, ಬಾಗಿಲಿಗೆ ತೋರಣ ಇಲ್ಲ. ಇದು ಬರೀ ಮೂಢನಂಬಿಕೆ ಅಂತ ತಳ್ಳಿ ಹಾಕೋಳು ನಾನಲ್ಲ, ಇದ್ರಲ್ಲಿ ಒಂದು ನೆರಳೂ ಇದೆ. ನಗ್ಬೇಕಾಗಿಲ್ಲ, ಹೊಸ ಸೀರೆ ಉಡ್ಬೇಕಾಗಿಲ್ಲ, ಯಾಕೆ ಮಾಡ್ಲಿಲ್ಲ ಅಂತ ಯಾರಿಗೂ ಉತ್ತರ ಕೊಡ್ಬೇಕಾಗಿಲ್ಲ. ಆದ್ರೆ ಗಂಡಸು ಹೆಂಡ್ತಿ ಕಳ್ಕೊಂಡ್ರೆ ವರ್ಷ ಕಳೆದ ಮೇಲೆ ಎಲ್ಲಾ ವಾಪಸ್ ಬರುತ್ತೆ, ಹೆಂಗಸಿಗೆ ಕೆಲವು ವಾಪಸ್ ಬರೋದೇ ಇಲ್ಲ, ಆ ಲೆಕ್ಕ ಮಾತ್ರ ನನಗೆ ಯಾವತ್ತೂ ಒಪ್ಪಿಗೆ ಆಗಿಲ್ಲ.

ವರಮಹಾಲಕ್ಷ್ಮಿ ದಿನ ಬೀದಿ ಹೆಂಗಸರು ಅರಿಶಿನ ಕುಂಕುಮಕ್ಕೆ ಕರೆಯೋಕೆ ಮನೆ ಮನೆಗೆ ಹೋದ್ರು, ಇವರ ಬಾಗಿಲ ಮುಂದೆ ಬಂದಾಗ ಮಾತ್ರ ಮಾತು ನಿಲ್ಲಿಸ್ಕೊಂಡು ದಾಟಿ ಹೋದ್ರು. ಬೇಕಂತ ಮಾಡಿದ್ದಲ್ಲ, ಏನ್ ಮಾಡ್ಬೇಕು ಗೊತ್ತಾಗ್ಲಿಲ್ಲ ಅಂತ ಆಮೇಲೆ ಒಬ್ಬರು ಹೇಳಿದ್ರು. ಅಕ್ಕ ಅಡುಗೆ ಮನೇಲಿ ನಿಂತು ಚಪ್ಪಲಿ ಸದ್ದು ಕೇಳಿಸ್ಕೊಂಡಿದಾರೆ. ಗೌರಿ ಹಬ್ಬಕ್ಕೆ ಇನ್ನೂ ಕಷ್ಟ ಆಯ್ತು. ಪ್ರತಿ ವರ್ಷ ಅಕ್ಕನ ತಮ್ಮ ತವರಿಂದ ಸೀರೆ, ಬಳೆ, ಹೂವು, ಅಕ್ಕಿ ಬೆಲ್ಲ ಎಲ್ಲ ತರ್ತಿದ್ದ, ಈ ಸಲ ಬಂದ, ಬಾಗಿಲಲ್ಲೇ ಕೂತ, ಕವರಲ್ಲಿ ದುಡ್ಡಿಟ್ಟು ಕೊಟ್ಟ, "ಏನಾದ್ರೂ ತಗೋ ಅಕ್ಕ" ಅಂದ. ಅಕ್ಕ ಕವರ್ ಮುಟ್ಲಿಲ್ಲ. ಗಂಡ ಹೋದಾಗ ಅತ್ತಿದ್ದಕ್ಕಿಂತ ಅವತ್ತು ಜಾಸ್ತಿ ಅತ್ರು ಅಂತ ಅಜ್ಜಿ ಹೇಳಿದ್ರು. ಊಟ ಬಿಟ್ರು, ಹಸು ಹಾಲು ಕರೆಯೋಕೂ ಏಳಲಿಲ್ಲ, ಡೈರಿಗೆ ಓರಗಿತ್ತೀನೇ ಹಾಲು ಹಾಕಿ ಬಂದ್ಲು. ಮಗಳು ನನಗೆ ಫೋನ್ ಮಾಡಿದ್ದು ಇದಾದ್ಮೇಲೆ.

ಮಗ ಸುಮ್ಮನೆ ಕೂತಿರ್ಲಿಲ್ಲ, ಪಾಪ. ಅವನೂ ಅಪ್ಪನ್ನ ಕಳ್ಕೊಂಡವನೇ, ಆದ್ರೆ ಅವನ ದುಃಖಕ್ಕೆ ಏನಾದ್ರೂ ಸಾಲ್ವ್ ಮಾಡ್ಬೇಕು ಅನ್ನೋ ಹಠ. ದುಃಖಕ್ಕೆ ಐದು ಹಂತ ಇದೆ ಅಂತ ವಾಟ್ಸಪ್ಪಲ್ಲಿ ಚಿತ್ರ ಕಳಿಸಿದ, ಅಮ್ಮ ಈಗ ಎಷ್ಟನೇ ಹಂತದಲ್ಲಿದಾರೆ ಮೇಡಂ ಅಂತ ನನ್ನೂ ಕೇಳಿದ. ಎಲಿಸಬೆತ್ ಕೂಬ್ಲರ್ ರಾಸ್ ಅನ್ನೋ ಮನೋವೈದ್ಯೆ 1969ರಲ್ಲಿ ಆ ಐದು ಹಂತ ಬರೆದಿದ್ದು ಸಾವಿನ ಅಂಚಲ್ಲಿರೋ ರೋಗಿಗಳ ಜೊತೆ ಮಾತಾಡಿ, ಹಿಂದೆ ಉಳಿದವರನ್ನ ನೋಡಿ ಅಲ್ಲ, ಅದೂ ಮೆಟ್ಟಿಲು ಥರ ಒಂದಾದ್ಮೇಲೆ ಒಂದು ಬರಲ್ಲ ಅಂತ ಹೇಳಿದೆ. ಇನ್ನೊಂದು ದಿನ ಒಂದು ಚಂದದ ನೋಟ್‌ಬುಕ್ ತಂದು ಕೊಟ್ಟ, ದಿನಾ ರಾತ್ರಿ ಮಲಗೋ ಮುಂಚೆ ಒಳ್ಳೇದು ಅನ್ಸಿದ ಮೂರು ವಿಷಯ ಬರೀಬೇಕು, ಥ್ಯಾಂಕ್‌ಫುಲ್ ಆಗಿದ್ರೆ ಮನಸ್ಸು ಹಗುರ ಆಗುತ್ತೆ ಅಂತ. ಇದಕ್ಕೆ ಆಧಾರ ಇಲ್ಲ ಅಂತಲ್ಲ, 2003ರಲ್ಲಿ ರಾಬರ್ಟ್ ಎಮನ್ಸ್, ಮೈಕಲ್ ಮೆಕಲೊ ಅನ್ನೋ ಮನಶ್ಶಾಸ್ತ್ರಜ್ಞರು ಮಾಡಿದ ಅಧ್ಯಯನ ಪ್ರಸಿದ್ಧ, ಕೃತಜ್ಞತೆಯ ಪಟ್ಟಿ ಬರೆದವರ ಮನಸ್ಥಿತಿ ಸ್ವಲ್ಪ ಸುಧಾರಿಸಿದ್ದು ನಿಜ. ಆದ್ರೆ ಅದ್ರಲ್ಲಿದ್ದವರು ಕಾಲೇಜು ವಿದ್ಯಾರ್ಥಿಗಳು, ನರ-ಸ್ನಾಯು ಕಾಯಿಲೆ ಇದ್ದವರು. ಗಂಡ ಹೋಗಿ ಎರಡು ತಿಂಗಳಾಗಿರೋ ಹೆಂಗಸಿಗೆ "ಒಳ್ಳೇದು ಮೂರು ಬರಿ" ಅಂದ್ರೆ ಅದು ಕಿವಿಗೆ ಬೀಳೋದು "ಇಷ್ಟು ಉಳಿದಿದೆಯಲ್ಲ, ಇನ್ನು ಅಳಬೇಡ" ಅಂತ. ನಾನು ಹೋದಾಗ ಆ ನೋಟ್‌ಬುಕ್ಕಲ್ಲಿ ಅಜ್ಜಿ ಹಾಲಿನ ಲೆಕ್ಕ ಬರೆಸ್ತಿದ್ರು.

ಮೊದಲ ಭೇಟೀಲಿ ಹಬ್ಬದ ಮಾತೇ ಎತ್ತಲಿಲ್ಲ. ನಿದ್ದೆ, ಊಟ, ತೂಕ, ಮಾತ್ರೆ ಇಷ್ಟೇ ಕೇಳಿದ್ದು. ಅಕ್ಕನಿಗೂ ಬಿಪಿ ಇದೆ, ಮಾತ್ರೆ ನಿಲ್ಲಿಸಿದ್ರು. "ನಾನೂ ಹೋಗ್ಬಿಟ್ಟಿದ್ರೆ ಚೆನ್ನಾಗಿತ್ತು" ಅನ್ನೋ ಮಾತು ಬಂತು. ಈ ಮಾತು ಬಂದಾಗ ಸುತ್ತ ಇರೋರು "ಹಂಗೆಲ್ಲಾ ಅನ್ಬಾರ್ದು, ಬಿಡು" ಅಂತ ಬಾಯಿ ಮುಚ್ಚಿಸ್ತಾರೆ, ಹಾಗೆ ಮಾಡ್ಬೇಡಿ ದಯವಿಟ್ಟು. ನೇರವಾಗಿ ಕೇಳ್ಬೇಕು. ಸಾಯ್ಬೇಕು ಅಂತ ಅನ್ಸುತ್ತಾ, ಹೇಗೆ ಅಂತ ಯೋಚನೆ ಮಾಡಿದೀರಾ ಅಂತ ಕೇಳಿದ್ರೆ ಇಲ್ಲದ ಯೋಚನೆ ಹುಟ್ಟಲ್ಲ, ಇರೋದು ಆಚೆ ಬರುತ್ತೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, ಇಲ್ಲ ಅಂದ್ರು, ಬೆಳಗ್ಗೆ ಎದ್ದಾಗ ಯಾಕೆ ಎದ್ದೆ ಅನ್ಸುತ್ತೆ ಅಷ್ಟೇ ಅಂದ್ರು. ಆದ್ರೂ ಟೊಮೆಟೊಗೆ ಹೊಡೆಯೋ ಔಷಧಿ ಡಬ್ಬಗಳು, ಹುಳ ಮನೆ ತೊಳೆಯೋ ಫಾರ್ಮಲಿನ್ ಎಲ್ಲ ಮೈದುನನ ಮನೆಗೆ ಸಾಗಿಸಿ ಬೀಗ ಹಾಕಿಸಿದ್ವಿ. ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ನಂಬರ್ 14416 ಗೋಡೆ ಕ್ಯಾಲೆಂಡರ್ ಮೇಲೆ ದಪ್ಪಗೆ ಬರೆದೆ, ಕನ್ನಡದಲ್ಲೇ ಮಾತಾಡ್ತಾರೆ, ಯಾವ ಹೊತ್ತಲ್ಲಾದ್ರೂ ಮಾಡ್ಬೋದು. ಮಂಗಳವಾರ ತಾಲ್ಲೂಕು ಆಸ್ಪತ್ರೇಲಿ ಮನೋಚೈತನ್ಯ ಅನ್ನೋ ಮಾನಸಿಕ ಆರೋಗ್ಯದ ಕ್ಲಿನಿಕ್ ಇರುತ್ತೆ, ಮಗಳು ಕರ್ಕೊಂಡು ಹೋದ್ಲು. ಡಾಕ್ಟ್ರು ನೋಡಿ, ಖಿನ್ನತೆ ಮಾತ್ರೆ ಈಗ ಬೇಡ, ಬಿಪಿ ಮಾತ್ರೆ ತಪ್ಪಿಸ್ಬೇಡಿ, ಮತ್ತೆ ಬನ್ನಿ ಅಂದ್ರು. ನನಗೂ ಅದೇ ಸರಿ ಅನ್ಸಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಪ್ರಕಾರ ದುಃಖ ಒಂದು ಕಾಯಿಲೆ ಅಂತ ಹೆಸರಿಡೋಕೆ ಕನಿಷ್ಠ ಆರು ತಿಂಗಳಾದ್ರೂ ಆಗಿರ್ಬೇಕು, ಅದೂ ಆ ಊರಿನ, ಆ ಜನರ ಪದ್ಧತಿಗೂ ಮೀರಿದ್ದಾಗಿರ್ಬೇಕು.

ನನ್ನ ಕೆಲಸಕ್ಕೆ ದಾರಿ ತೋರ್ಸಿದ್ದು ಮಾರ್ಗರೆಟ್ ಸ್ಟ್ರೋಬ, ಹೆಂಕ್ ಶುಟ್ ಅನ್ನೋ ನೆದರ್ಲೆಂಡ್ಸಿನ ಇಬ್ಬರು ಸಂಶೋಧಕರು 1999ರಲ್ಲಿ ಬರೆದ ಒಂದು ವಿಚಾರ. ಸಂಗಾತಿ ಕಳ್ಕೊಂಡವರು ಎರಡು ಕಡೆ ಓಡಾಡ್ತಾ ಇರ್ತಾರೆ, ಒಂದು ಕಡೆ ಹೋದವರ ನೆನಪು, ಅಳು, ಇನ್ನೊಂದು ಕಡೆ ಬ್ಯಾಂಕು, ತೋಟ, ಹೊಸ ಜವಾಬ್ದಾರಿ. ಯಾವುದಾದ್ರೂ ಒಂದೇ ಕಡೆ ಸಿಕ್ಕಿಹಾಕೊಂಡ್ರೆ ತೊಂದ್ರೆ, ಆಚೆ ಈಚೆ ಓಡಾಡೋದೇ ಆರೋಗ್ಯ. ಅಕ್ಕನಿಗೆ ಎರಡೂ ಕಡೆ ದಾರಿ ಮುಚ್ಚಿತ್ತು. ಅಳೋಕೆ ಹೋದ್ರೆ ಮಗ ಗಾಬರಿ ಆಗ್ತಾನೆ, ಕೆಲಸಕ್ಕೆ ಹೋದ್ರೆ "ನೀನು ರೆಸ್ಟ್ ತಗೋ" ಅಂತ ಎಲ್ಲಾರೂ ಕೈಯಿಂದ ಕಿತ್ಕೊಳ್ತಾರೆ. ಹುಳ ಸಾಕೋದನ್ನೇ ಬಿಡ್ಸಿ ಚಂದ್ರಂಕಿ ಎಲ್ಲ ಮಾರೋ ಮಾತು ನಡೀತಿತ್ತು.

ಮಹಾಲಯ ಅಮಾವಾಸ್ಯೆಗೆ ಇನ್ನೊಂದು ಜಗಳ. ಹಿರಿಯರಿಗೆ ಎಡೆ ಇಡೋ ದಿನ, ಅಜ್ಜಿ ಗಂಡನಿಗೆ, ಅವರ ಅಪ್ಪ ಅಮ್ಮನಿಗೆ ಎಲೆ ಹಾಕಿದ್ರು, ಯಜಮಾನ್ರಿಗೆ ಹಾಕಲಿಲ್ಲ, ವರ್ಷದ ತಿಥಿ ಆಗೋವರೆಗೂ ಹಿರಿಯರ ಜೊತೆ ಸೇರ್ಸೋ ಹಾಗಿಲ್ಲ ಅಂತ ಮನೆ ಪದ್ಧತಿ. "ಎಲ್ಲಾರ್ಗೂ ಎಲೆ ಇದೆ, ಅವ್ರು ಮಾತ್ರ ಎಲ್ಲೂ ಇಲ್ಲ, ಈ ಕಡೇನೂ ಇಲ್ಲ, ಆ ಕಡೇನೂ ಇಲ್ಲ" ಅಂತ ಅಕ್ಕ ಎದ್ದು ಹೋದ್ರು. ಅಜ್ಜಿ ಪದ್ಧತಿ ಬಿಡ್ಲಿಲ್ಲ, ಬಿಡೋ ಹೆಂಗಸೂ ಅಲ್ಲ. ಆದ್ರೆ ಸಂಜೆ ಒಂದು ಲೋಟ ಟೀ, ಒಂದು ಕಟ್ಟು ಬೀಡಿ ತಗೊಂಡು ಹೋಗಿ ಹುಳ ಮನೆಯಿಂದ ದೂರ ಬೇವಿನ ಮರದ ಕಟ್ಟೆ ಮೇಲಿಟ್ರು. ಹೊಗೆ ಹುಳಕ್ಕೆ ಆಗಲ್ಲ, ಯಜಮಾನ್ರು ಯಾವಾಗ್ಲೂ ಅಲ್ಲೇ ಕೂತು ಸೇದ್ತಿದ್ರು. ಇದು ಎಡೆ ಅಲ್ಲ, ಸುಮ್ನೆ ಟೀ ಕಣೇ ಅಂದ್ರಂತೆ ಸೊಸೆಗೆ. ಅವತ್ತು ಇಬ್ರೂ ಕಟ್ಟೆ ಮೇಲೆ ಕೂತು ಎಷ್ಟೋ ಹೊತ್ತು ಅವರ ವಿಚಾರ ಮಾತಾಡಿದಾರೆ, ಅವರ ಸಿಟ್ಟು, ಸಾಲ ಮಾಡಿ ಹೇಳದೇ ಇದ್ದಿದ್ದು, ಎಲ್ಲಾ. ಸತ್ತವರನ್ನ ಹೊಗಳೋದಷ್ಟೇ ಮಾತು ಅಂತ ಇದ್ರೆ ಮಾತು ಬೇಗ ಮುಗಿದುಹೋಗುತ್ತೆ, ಬೈಯೋಕೂ ಬಿಟ್ರೆ ಮನುಷ್ಯ ವಾಪಸ್ ಮನೆಗೆ ಬಂದಂಗೆ ಆಗುತ್ತೆ. ಅಜ್ಜಿ ಮಗನ್ನ ಕಳ್ಕೊಂಡಿದಾರೆ ಅನ್ನೋದು ಅಲ್ಲಿವರೆಗೂ ಮನೇಲಿ ಯಾರ ಗಮನಕ್ಕೂ ಬಂದಿರ್ಲಿಲ್ಲ, ನಾನೂ ಮಗಳ ಬಾಯಲ್ಲಿ ಅಕ್ಕನ ಕತೆ ಮಾತ್ರ ಕೇಳಿದ್ದೆ.

ಸಾಲ ಅಂದ ತಕ್ಷಣ ಲೆಕ್ಕದ ವಿಚಾರ ಎದ್ದಿತು, ತಿರುವು ಬಂದಿದ್ದೂ ಅಲ್ಲಿಂದಾನೇ. ಆಷಾಢದ ಗೂಡಿನ ದುಡ್ಡು ಯಜಮಾನ್ರ ಅಕೌಂಟಿಗೆ ಹೋಗಿ ಕೂತಿತ್ತು, ತೆಗೆಯೋಕೆ ಮರಣ ಪತ್ರ, ವಂಶವೃಕ್ಷ ಎಲ್ಲ ಬೇಕು. (21 ದಿನದೊಳಗೆ ಸಾವು ನೋಂದಣಿ ಮಾಡಿಸಿದ್ರೆ ಸುಲಭ, ಮೈದುನ ಅದೊಂದು ಮಾಡ್ಸಿದ್ದ, ಜಮೀನಿಗೆ ಪೌತಿ ಖಾತೆ, ಅಂದ್ರೆ ಸತ್ತವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯ್ಸೋದು, ಇನ್ನೂ ಆಗಿರ್ಲಿಲ್ಲ.) ಹಾಗಾದ್ರೆ ಗೂಡು ಸಾಗಿಸಿದ ಗಾಡಿ ಬಾಡಿಗೆ ಯಾರು ಕೊಟ್ರು, ಸೊಪ್ಪು ಕೊಯ್ದ ಕೂಲಿ ಯಾರು ಕೊಟ್ರು ಅಂತ ಅಕ್ಕ ಕೇಳಿದ್ರು. ಯಾರಿಗೂ ಪೂರ್ತಿ ಗೊತ್ತಿಲ್ಲ. ಅಕ್ಕ ವಿಚಾರಿಸೋಕೆ ಶುರು ಮಾಡಿದ್ರು, ಅದೇ ನೋಟ್‌ಬುಕ್ ತೆಗೆದು ಹಾಲಿನ ಲೆಕ್ಕದ ಹಿಂದಿನ ಹಾಳೇಲಿ ಮಗಳ ಕೈಲಿ ಬರೆಸಿದ್ರು. ಬೆಳಗಿನ ಸೊಪ್ಪು ಕೊಯ್ದವರು ಎದುರು ಮನೆ ಗಂಡ ಹೆಂಡ್ತಿ. ರಾತ್ರಿ ಹತ್ತರ ಸೊಪ್ಪು ಹಾಕಿದ್ದು ನಲ್ಲಿ ವಿಚಾರಕ್ಕೆ ಎರಡು ವರ್ಷದಿಂದ ಮಾತು ಬಿಟ್ಟಿದ್ದ ಮನೆಯ ಹುಡುಗ. ಹಣ್ಣಾದ ಹುಳ ಆರಿಸೋಕೆ ಕಾಲೋನಿಯ ಹೆಂಗಸರು ಬಂದಿದ್ರು, ಕೂಲಿ ಕೇಳಿಲ್ಲ. ಗಾಡಿ ಬಾಡಿಗೆ ಗೂಡಿಂದ ನೂಲು ಬಿಚ್ಚಾಣಿಕೆ ಮಾಡೋ ಸಾಬರು ಒಬ್ರು ಕೊಟ್ಟಿದಾರೆ, ಯಜಮಾನ್ರ ಗೂಡು ಎಷ್ಟೋ ಸಲ ತಗೊಂಡವರು. ಪಟ್ಟಿ ಒಂದು ಪುಟ ದಾಟಿ ಇನ್ನೊಂದು ಪುಟಕ್ಕೆ ಹೋಯ್ತು.

ಮೂರು ಒಳ್ಳೇ ವಿಷಯ ಬರಿ ಅಂದಾಗ ಬರೀದೇ ಇದ್ದ ಅಕ್ಕ ಈ ಪಟ್ಟಿಗೆ ಊರೆಲ್ಲಾ ಓಡಾಡಿದ್ರು. ನನ್ನ ಪ್ರಕಾರ ವ್ಯತ್ಯಾಸ ಇಷ್ಟೇ: ಅಲ್ಲಿ ಅಕ್ಕ ಸಮಾಧಾನ ಪಟ್ಕೋಬೇಕಾದವರು, ಇಲ್ಲಿ ಕೊಡ್ಬೇಕಾದವರು. ಮೂರು ತಿಂಗಳಿಂದ ಎಲ್ಲಾರೂ ಅವರಿಗೆ ಕೊಡ್ತಾನೇ ಇದ್ರು, ಊಟ, ದುಡ್ಡು, ಬುದ್ಧಿವಾದ. ಬರೀ ತಗೊಳ್ತಾ ಇದ್ರೆ ಎಂಥವರಿಗೂ ಕುತ್ತಿಗೆ ಬಗ್ಗುತ್ತೆ.

ದೀಪಾವಳಿ ಹತ್ರ ಬಂತು. ಈ ಕಡೆ ದೀಪಾವಳಿ ಅಂದ್ರೆ ಪಟಾಕಿಗಿಂತ ಮೊದ್ಲು ನೋಮು, ಕೇದಾರೇಶ್ವರನ ವ್ರತ, 21 ಎಳೆ 21 ಗಂಟಿನ ದಾರ, 21 ಕಜ್ಜಾಯ. ಈ ವರ್ಷ ನೋಮು ಇಲ್ಲ, ಅದ್ರಲ್ಲಿ ಯಾರಿಗೂ ತಕರಾರಿಲ್ಲ. ಆದ್ರೆ ಪಟ್ಟೀಲಿರೋ ಮನೆಗಳಿಗೆಲ್ಲಾ ನಾನು ಕಜ್ಜಾಯ ಕೊಡ್ಬೇಕು ಅಂದ್ರು ಅಕ್ಕ. ಮಗ ಬೆಂಗಳೂರಿಂದ ಸ್ವೀಟ್ ಬಾಕ್ಸ್ ತರ್ತೀನಿ ಅಂದ, ಅಕ್ಕ ಅವನ ಮುಖಾನೇ ನೋಡ್ಲಿಲ್ಲ. ಅಜ್ಜಿ ಎರಡು ದಿನ ಯೋಚನೆ ಮಾಡಿ ತೀರ್ಪು ಕೊಟ್ರು: ನಮ್ಮ ಒಲೆ ಮೇಲೆ ಬಾಂಡ್ಲಿ ಇಡಂಗಿಲ್ಲ, ಓರಗಿತ್ತಿ ಒಲೆ ಮೇಲೆ ಇಡ್ಬೋದು, ಅದು ಬೇರೆ ಮನೆ, ಪಾಕ ಯಾರು ನೋಡಿದ್ರು ಅಂತ ದೇವ್ರು ಲೆಕ್ಕ ಇಡಲ್ಲ. ಯಾವ ಲಾಯರೂ ಇಷ್ಟು ಚೆನ್ನಾಗಿ ದಾರಿ ಹುಡುಕ್ತಿರ್ಲಿಲ್ಲ. ನಾನಾಗಿದ್ರೆ ಪದ್ಧತಿ ಬಿಟ್ಬಿಡಿ ಅಂತ ವಾದ ಮಾಡ್ತಿದ್ನೇನೋ, ಮನೆ ಎರಡು ಪಾಲಾಗ್ತಿತ್ತು.

ಅಕ್ಕಿ ನೆನೆಸಿ, ನೆರಳಲ್ಲಿ ಆರ್ಸಿ, ಪಸೆ ಇರೋವಾಗ್ಲೇ ಮಿಲ್ ಮಾಡ್ಸಿ ತಂದ್ರು. ಬೆಲ್ಲದ ಪಾಕ ನೀರಿಗೆ ಬಿಟ್ರೆ ಮೆತ್ತಗೆ ಉಂಡೆ ಆಗ್ಬೇಕು, ಜಾಸ್ತಿ ಆದ್ರೆ ಕಜ್ಜಾಯ ಕಲ್ಲು, ಕಮ್ಮಿ ಆದ್ರೆ ಎಣ್ಣೇಲೇ ಬಿಟ್ಕೊಳ್ಳುತ್ತೆ, ಆ ಪಾಕ ನೋಡೋಕೆ ಆ ಬೀದೀಲಿ ಅಕ್ಕನ್ನ ಬಿಟ್ರೆ ಇಲ್ಲ. ಓರಗಿತ್ತಿ ತಟ್ಟಿದ್ಲು, ಅಕ್ಕ ಕರಿದ್ರು, ತೆಗೆದಿದ್ದನ್ನ ಒತ್ತಿ ಎಣ್ಣೆ ಹಿಂಡೋದು ಪ್ರತಿ ವರ್ಷ ಯಜಮಾನ್ರ ಕೆಲಸ. ಯಾರು ಒತ್ತೋದು ಅಂದಾಗ ಎಲ್ಲಾ ಸುಮ್ಮನಾದ್ರು, ಅಕ್ಕ ಸೆರಗು ಬಾಯಿಗಿಟ್ಕೊಂಡು ಆಚೆ ಹೋಗಿ ಅತ್ತು ಬಂದ್ರು, ಯಾರೂ ತಡೀಲಿಲ್ಲ, ಅಷ್ಟೊತ್ತಿಗೆ ಮಗ ಕೈ ತೊಳ್ಕೊಂಡು ಬಂದು ಮಣೆ ಮುಂದೆ ಕೂತಿದ್ದ. ಮೊದಲ ನಾಲ್ಕು ಕಜ್ಜಾಯ ಪುಡಿ ಮಾಡಿದ. ಅಪ್ಪನ ಥರಾನೇ ಕೆಡಿಸ್ತಾನೆ ಅಂತ ಅಜ್ಜಿ ಬೈದ್ರಂತೆ, ಅವನು ಅಲ್ಲೇ ಮೊದಲ ಸಲ ಎಲ್ಲಾರ ಮುಂದೆ ಅತ್ತಿದ್ದು.

ಕೊಟ್ಟ ಮನೇಲೆಲ್ಲಾ ಸರಿಯಾಗಿ ತಗೊಂಡ್ರು ಅಂತೇನಿಲ್ಲ. ಒಂದು ಮನೇಲಿ ಬಾಗಿಲಲ್ಲೇ ಇಸ್ಕೊಂಡು ಹಸುವಿಗೆ ಹಾಕಿದ್ರು, ಅದು ಅಕ್ಕನಿಗೆ ಗೊತ್ತಾಯ್ತು, ನೋವಾಯ್ತು. ನಲ್ಲಿ ಜಗಳದ ಮನೆಯವರು ಮಾತ್ರ ಒಳಗೆ ಕರೆದು ಕಾಫಿ ಕೊಟ್ಟು ಅಲ್ಲೇ ಮುರಿದು ತಿಂದ್ರು.

ಇನ್ನೊಂದು, ಇದು ನನ್ನ ಸಲಹೆ ಅಲ್ಲ, ಅಜ್ಜೀದೇ. ಅಕ್ಕನ ತಮ್ಮನಿಗೆ ಫೋನ್ ಹಚ್ಚಿಸಿ, "ಅವಳ್ಗೆ ಹೋಗಿರೋದು ಗಂಡ ಕಣಪ್ಪ, ತವರಲ್ಲ. ಕವರ್ ಕೊಡೋಕೆ ನೀನೇನ್ ಬ್ಯಾಂಕಾ? ಸೀರೆ ತಗೊಂಡು ಬಾ" ಅಂದ್ರು. ತಮ್ಮ ತಡ ಮಾಡ್ದೇ ಬಲಿಪಾಡ್ಯಮಿ ದಿನಾನೇ ಹೆಂಡ್ತಿ ಮಕ್ಕಳ ಸಮೇತ ಬಂದ, ಸೀರೆ, ಹೂವು ಎಲ್ಲಾ ತಂದ. ಹೂವನ್ನ ಅಕ್ಕ ಮುಡೀಲಿಲ್ಲ, ಫೋಟೋಗೆ ಹಾಕಿದ್ರು. ಬಳೆ ಹಾಕ್ಕೊಂಡ್ರು. ಯಾವುದು ಬೇಕು ಯಾವುದು ಬೇಡ ಅಂತ ಅವರೇ ಆರಿಸ್ಕೊಂಡಿದ್ದು, ನಾನು ಮನೆಯವರಿಗೆ ಕೇಳ್ಕೊಂಡಿದ್ದೂ ಅಷ್ಟೇ, ಆ ಆಯ್ಕೆ ಬಗ್ಗೆ ಯಾರೂ ಒಂದು ಮಾತೂ ಆಡ್ಬೇಡಿ, ಹೊಗಳೋದೂ ಬೇಡ.

ಸಂಕ್ರಾಂತಿ ಹೊತ್ತಿಗೆ ಆರು ತಿಂಗಳು ಆಗಿತ್ತು, ಮತ್ತೆ ಕೂತು ಎಲ್ಲಾ ವಿಚಾರಿಸಿದೆ. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ ಆಗೋದು ನಿಂತಿಲ್ಲ. ಬಿಪಿ ಹಿಡಿತದಲ್ಲಿದೆ, ಊಟ ಸೇರುತ್ತೆ, ಡೈರಿಗೆ ತಾವೇ ಹೋಗ್ತಾರೆ, ಸಾಯೋ ಮಾತು ದೀಪಾವಳಿಯಿಂದ ಈಚೆ ಬಂದಿಲ್ಲ. ಕೆಲವು ದಿನ ಪೂರ್ತಿ ಕುಸಿದು ಹೋಗ್ತಾರೆ, ಮಾರನೇ ದಿನ ಏಳ್ತಾರೆ. ಕಾಯಿಲೆ ಅಂತ ಹೆಸರಿಡೋ ಹಾಗೆ ಏನೂ ಇರ್ಲಿಲ್ಲ. ನನಗೆ ಈಗ ಜಾಸ್ತಿ ಚಿಂತೆ ಇರೋದು ಮಗನ ಬಗ್ಗೆ, ಅಪ್ಪನ ಫೋನ್ ಹಿಂದಿನ ರಾತ್ರಿ ಎತ್ತಲಿಲ್ಲ ಅಂತ ಇನ್ನೂ ಕೊರಗ್ತಾನೆ, ಬೆಂಗಳೂರಲ್ಲೇ ಒಬ್ರ ಹತ್ರ ಮಾತಾಡೋಕೆ ಶುರು ಮಾಡಿದಾನೆ. ಪೌತಿ ಖಾತೆಗೆ ಅರ್ಜಿ ಹಾಕಿದಾರೆ. ಅಕ್ಕ ಯುಗಾದಿ ಮುಂಚೆ ಒಂದು ಬೆಳೆ ತೆಗೀಬೇಕು ಅಂತ ಚಾಕಿ ಸೆಂಟರಿಗೆ ಅಡ್ವಾನ್ಸ್ ಕೊಟ್ಟು ಬಂದ್ರು, ಯಜಮಾನ್ರು ತರ್ತಿದ್ದರಲ್ಲಿ ಅರ್ಧ ಸಾಕು ಅಂತ ಲೆಕ್ಕ ಹಾಕಿ. ಮಗ ಬೇಡ ಅಂತಾನೆ, ಮಗಳು ಬೇಕು ಅಂತಾಳೆ, ಅಜ್ಜಿ ಎರಡು ಕಡೇನೂ ಬೈತಾರೆ, ಸದ್ಯಕ್ಕೆ ಮನೇಲಿ ಜಗಳ ಆ ವಿಚಾರಕ್ಕೆ.